ಕಿವಿ ಮುಚ್ಚದ ಹೆಡ್‌ಫೋನ್: ಮೂರು ಬಗೆ, ಒಂದೇ ಜೊತೆ ಕಿವಿ

ದಿನಕ್ಕೆ ಮೂರು ನಾಲ್ಕು ಗಂಟೆ ಕಾಲ್‌ನಲ್ಲೇ ಕಳೆಯುವ ಕೆಲಸ ನನ್ನದು. ಕಿವಿಯೊಳಗೆ ರಬ್ಬರ್ ತುದಿ ತುರುಕುವ ಇಯರ್‌ಬಡ್‌ಗಳನ್ನು ಎರಡು ವರ್ಷ ಹಾಕಿದೆ. ಸಂಜೆ ಹೊತ್ತಿಗೆ ಕಿವಿ ಬೆವರಿ ತುರಿಸುತ್ತಿತ್ತು. ಅದಕ್ಕಿಂತ ಕಿರಿಕಿರಿ ಮಾಡುತ್ತಿದ್ದದ್ದು ನನ್ನದೇ ದನಿ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮಾತಾಡಿ ನೋಡಿ, ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುತ್ತದೆ. ನಮ್ಮ ದನಿ ತಲೆಯ ಮೂಳೆಗಳ ಮೂಲಕವೂ ಕಿವಿಗೆ ಹೋಗುತ್ತದೆ. ಕಿವಿ ತೆರೆದಿದ್ದರೆ ಅದರ ದಪ್ಪ ಸದ್ದು ಹೊರಗೆ ಹೋಗಿಬಿಡುತ್ತದೆ, ಮುಚ್ಚಿದರೆ ಒಳಗೇ ಉಳಿದು ಗುಂಯ್‌ಗುಡುತ್ತದೆ. ಇದನ್ನು ದಿನವಿಡೀ ಕೇಳಿ ಕೇಳಿ, ನಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಅನ್ನುವ ಅಂದಾಜೇ ತಪ್ಪಿಹೋಗಿತ್ತು.

ಹಾಗಾಗಿ ಕಿವಿ ಮುಚ್ಚದ ಬಗೆ ನೋಡೋಣ ಅಂದುಕೊಂಡೆ. ಇವುಗಳಲ್ಲಿ ಮೂರು ಜಾತಿ. ಒಂದು ಬೋನ್ ಕಂಡಕ್ಷನ್: ಕಿವಿಯ ಮುಂದಿನ ಕೆನ್ನೆಮೂಳೆಯ ಮೇಲೆ ಕೂತು ನಡುಗುತ್ತದೆ, ಎರಡೂ ಬದಿ ಸೇರಿಸುವ ಪಟ್ಟಿ ಕತ್ತಿನ ಹಿಂದೆ ಹೋಗುತ್ತದೆ. ಎರಡನೆಯದು ಕೊಕ್ಕೆ: ಕಿವಿಯ ಮೇಲಿಂದ ಸಿಕ್ಕಿಸಿಕೊಳ್ಳುತ್ತದೆ, ಪುಟ್ಟ ಸ್ಪೀಕರ್ ಕಿವಿಯ ತೂತಿನ ಮುಂದೆ ನಿಲ್ಲುತ್ತದೆ. ಮೂರನೆಯದು ಕ್ಲಿಪ್, ಕಿವಿಯ ಅಂಚನ್ನು ಓಲೆಯ ಹಾಗೆ ಕಚ್ಚಿಕೊಳ್ಳುತ್ತದೆ. ಹುವಾವೇ 2023ರ ಕೊನೆಯಲ್ಲಿ, ಬೋಸ್ 2024ರಲ್ಲಿ ದುಬಾರಿ ಕ್ಲಿಪ್‌ಗಳನ್ನು ಬಿಟ್ಟವು. ಈಗ ಅದೇ ಆಕಾರದ ಅಗ್ಗದವು ಸಾಲುಸಾಲಾಗಿ ಸಿಗುತ್ತವೆ.

ನಾನು ತಗೊಂಡ ಮೂರೂ ಅಗ್ಗದ ಸಾಲಿನವೇ. ಮಾಡೆಲ್ ಹೆಸರು ಹೇಳುವುದಿಲ್ಲ. ಅವು ಬೇಗ ಬದಲಾಗುತ್ತವೆ, ಆದರೆ ಆಯಾ ಆಕಾರದ ಗುಣ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಕಾಲ್ ಪರೀಕ್ಷೆಗೆ ಅಕ್ಕನೇ ಜಡ್ಜ್. ಯಾವುದು ಹಾಕಿದ್ದೇನೆ ಅಂತ ಹೇಳದೆ ಫೋನ್ ಮಾಡುತ್ತಿದ್ದೆ. ಒಮ್ಮೆ ಮುಚ್ಚಿದ ಕೋಣೆಯಿಂದ, ಒಮ್ಮೆ ಫ್ಯಾನ್ ಕೆಳಗಿನಿಂದ, ಒಮ್ಮೆ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಾ, ಒಮ್ಮೆ ರಸ್ತೆ ಬದಿಯಿಂದ. ಅವಳು ಮುಲಾಜಿಲ್ಲದೆ ಅಂಕ ಕೊಡುವವಳು. ಕಂಪನಿಯವರು ಬರೆದುಕೊಂಡ ಪಟ್ಟಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು.

ಬೋನ್ ಕಂಡಕ್ಷನ್‌ನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ಆಸೆ ಇದ್ದದ್ದು ಇದರ ಮೇಲೆ. ನಡುಕ ಮೂಳೆಯ ಮೂಲಕ ನೇರ ಒಳಗಿವಿಗೆ ಹೋಗುತ್ತದೆ, ಕಿವಿ ತಮಟೆಯ ದಾರಿ ಬೇಕಿಲ್ಲ. ಮಾತು ಚೆನ್ನಾಗಿ ಕೇಳಿಸುತ್ತದೆ. ಸುದ್ದಿ, ಪಾಡ್‌ಕಾಸ್ಟ್, ಕಾಲ್, ಯಾವುದಕ್ಕೂ ತೊಂದರೆ ಇಲ್ಲ. ಹಾಡು ಹಾಕಿದರೆ ಮಾತ್ರ ಬೇಸರ. ತಬಲಾದ ಡಗ್ಗಾ ಎಲ್ಲಿ ಹೋಯಿತು ಅಂತ ಹುಡುಕಬೇಕು. ವಾಲ್ಯೂಮ್ ಏರಿಸಿದರೆ ಬೇಸ್ ಬರುವುದಿಲ್ಲ, ಕೆನ್ನೆಗೆ ಕಚಗುಳಿ ಬರುತ್ತದೆ! ನನಗೆ ನಗು ಬಂದುಬಿಟ್ಟಿತು. ಆದರೆ ಓಡುವಾಗ, ಮೆಟ್ಟಿಲು ಹತ್ತುವಾಗ ಅಲ್ಲಾಡುವುದಿಲ್ಲ. ಕನ್ನಡಕದ ಜೊತೆಗೂ ಜಗಳ ಕಡಿಮೆ, ಕಿವಿಯ ಮೇಲೆ ಹೋಗುವ ಭಾಗ ತೆಳ್ಳಗಿರುತ್ತದೆ. ತೊಂದರೆ ಇರುವುದು ಹಿಂದಿನ ಪಟ್ಟಿಯದ್ದು. ಕುರ್ಚಿಗೆ ಒರಗಿದರೆ ಅದು ತಳ್ಳಿ ಮುಂದೆ ಬರುತ್ತದೆ. ಮಲಗುವ ಮಾತೇ ಇಲ್ಲ.

ಅಂದ ಹಾಗೆ, ಅಗ್ಗದ ಸಾಲಿನಲ್ಲಿ ಒಂದು ಮೋಸ ನಡೆಯುತ್ತದೆ. ಡಬ್ಬದ ಮೇಲೆ ಬೋನ್ ಕಂಡಕ್ಷನ್ ಅಂತ ಬರೆದಿರುತ್ತದೆ, ಒಳಗೆ ಇರುವುದು ಸಾದಾ ಪುಟ್ಟ ಸ್ಪೀಕರ್. ಕಂಡುಹಿಡಿಯುವುದು ಸುಲಭ. ಹಾಡು ಹಾಕಿ, ಎರಡೂ ಕಿವಿಯ ತೂತನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ. ನಿಜವಾದ ಬೋನ್ ಕಂಡಕ್ಷನ್ ಆದರೆ ಸದ್ದು ಕಡಿಮೆಯಾಗುವುದಿಲ್ಲ, ಬೇಸ್ ಇನ್ನೂ ತುಂಬಿಕೊಂಡು ಕೇಳುತ್ತದೆ. ನನ್ನ ದನಿ ಬಿಂದಿಗೆಯಲ್ಲಿ ಕೇಳಿದ ಕಾರಣವೇ ಇಲ್ಲೂ. ಸದ್ದು ಮಾಯವಾದರೆ ಅದು ಸಾದಾ ಸ್ಪೀಕರ್. ನಾನು ಮೊದಲು ತರಿಸಿದ್ದು ಈ ಪರೀಕ್ಷೆಯಲ್ಲೇ ಫೇಲಾಗಿ ವಾಪಸ್ ಹೋಯಿತು. ಈಗ ಹೇಳುತ್ತಿರುವುದು ಎರಡನೆಯದರ ಕತೆ.

ಕೊಕ್ಕೆಯದ್ದು ನೋಡಲು ದೊಡ್ಡದು, ಸ್ವಲ್ಪ ಹಳೆಯ ಕಾಲದ್ದು ಅನ್ನಿಸುತ್ತದೆ. ಆದರೆ ಕಿವಿಗೆ ಹಾಕಿದ ಕೂಡಲೇ ಹಾಡು ಹಾಡಿನ ಹಾಗೆ ಕೇಳಿಸಿದ್ದು ಇದರಲ್ಲೇ. ಸ್ಪೀಕರ್ ದೊಡ್ಡದು, ನನ್ನದರಲ್ಲಿ 16 ಮಿಲಿಮೀಟರ್ ಚಿಲ್ಲರೆ. ಕಿವಿ ಮುಚ್ಚದೆ ಇರುವಾಗ ಬೇಸ್ ಹೊರಗೆ ಚೆದುರಿಹೋಗುತ್ತದೆ, ಅದನ್ನು ತುಂಬಿಕೊಡಲು ಜಾಸ್ತಿ ಗಾಳಿ ತಳ್ಳಬೇಕು. ಅದಕ್ಕೇ ಈ ಗಾತ್ರ. ಇಷ್ಟಾದರೂ ಮುಚ್ಚುವ ಇಯರ್‌ಬಡ್‌ನ ಬೇಸ್ ಬರುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಇನ್ನೊಂದು, ಇದು ಕೂರುವ ಜಾಗ ಬಹಳ ಮುಖ್ಯ. ಸ್ಪೀಕರ್ ಅರ್ಧ ಸೆಂಟಿಮೀಟರ್ ಹಿಂದೆ ಸರಿದರೂ ಹಾಡು ಪಕ್ಕದ ಮನೆಯಿಂದ ಬಂದ ಹಾಗೆ ಆಗುತ್ತದೆ. ಕೊಕ್ಕೆಯನ್ನು ಬಗ್ಗಿಸಿ ಸರಿ ಮಾಡಿಕೊಳ್ಳಲು ಬರುವಂಥದ್ದನ್ನೇ ತಗೊಳ್ಳಿ.

ಕಾಲ್‌ನಲ್ಲಿ ಕೊಕ್ಕೆ ಗೆದ್ದಿತು. ಫ್ಯಾನ್ ಕೆಳಗೆ ಕೂತಾಗಲೂ ಅಕ್ಕ ಏನೂ ಗೊಣಗಲಿಲ್ಲ. ಫ್ಯಾನ್ ಗಾಳಿ ಮೈಕ್‌ಗೆ ನೇರ ಬಡಿದರೆ ಆಚೆಯವರಿಗೆ ಬುರ್ ಅಂತ ಕೇಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕೊಕ್ಕೆಯ ಸ್ಪೀಕರ್ ಭಾಗ ಉದ್ದಕ್ಕೆ ಇರುವುದರಿಂದ ಎರಡು ಮೈಕ್‌ಗಳನ್ನು ಬಾಯಿಯ ಕಡೆಗೆ ಸಾಲಾಗಿ ಇಡಲು ಜಾಗ ಸಿಗುತ್ತದೆ. ಬಾಯಿಂದ ಬಂದ ಸದ್ದು ಯಾವುದು, ಸುತ್ತಲಿನದು ಯಾವುದು ಅಂತ ವಿಂಗಡಿಸಲು ಅದಕ್ಕೆ ಸುಲಭ. ಬೋನ್ ಕಂಡಕ್ಷನ್‌ನದ್ದು ಮುಚ್ಚಿದ ಕೋಣೆಯಲ್ಲಿ ಇದಕ್ಕೆ ಸರಿಸಮ, ಫ್ಯಾನ್ ಹಾಕಿದ ಮೇಲೆ ಸೋತಿತು. ಮೂಳೆಯ ಮೂಲಕ ಕೇಳಿಸುವುದರಿಂದ ದನಿಯನ್ನೂ ಮೂಳೆಯಿಂದಲೇ ಹಿಡಿಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಸುಮ್ನೆ ಅಂದುಕೊಂಡದ್ದು. ನನ್ನದರಲ್ಲಿ ಇದ್ದದ್ದು ಸಾದಾ ಮೈಕೇ.

ಆದರೆ ಕೊಕ್ಕೆಗೆ ಕನ್ನಡಕ ಆಗಿಬರುವುದಿಲ್ಲ. ಕಿವಿಯ ಹಿಂದಿನ ಅಷ್ಟೇ ಜಾಗಕ್ಕೆ ಎರಡೂ ಪೈಪೋಟಿ. ಎರಡು ಗಂಟೆಯಾದ ಮೇಲೆ ಕಿವಿಯ ಬೇರು ನೋಯಲು ಶುರು. ಮೊದಲು ಕನ್ನಡಕ ಹಾಕಿ ಮೇಲೆ ಕೊಕ್ಕೆ ಹಾಕಿದರೆ ಸ್ವಲ್ಪ ವಾಸಿ.

ಕ್ಲಿಪ್ ಬಗ್ಗೆ ಏನು ಹೇಳಲಿ! ಹಾಕಿದ್ದು ಮರೆತೇಹೋಗುವಷ್ಟು ಹಗುರ, ಒಂದೊಂದು ಐದಾರು ಗ್ರಾಂ. ಕನ್ನಡಕಕ್ಕೆ ಅಡ್ಡಿ ಇಲ್ಲ, ಮಗ್ಗುಲಾಗಿ ಮಲಗಿದರೂ ದಿಂಬು ಅಷ್ಟಾಗಿ ಒತ್ತುವುದಿಲ್ಲ. ಹಾಕಿಕೊಳ್ಳುವುದು ಕಲಿಯಲು ಒಂದು ದಿನ ಬೇಕು, ಮೊದಲ ಸಲ ತಲೆಕೆಳಗಾಗಿ ಹಾಕಿಕೊಂಡು ಸದ್ದೇ ಇಲ್ಲ ಅಂತ ಬೈದುಕೊಂಡಿದ್ದೆ. ಹಾಡು ಪರವಾಗಿಲ್ಲ, ಕೊಕ್ಕೆಗಿಂತ ಒಂದು ಮೆಟ್ಟಿಲು ಕೆಳಗೆ. ಕಾಲ್ ಮಾಡಿದಾಗ ಅಕ್ಕನ ಮೊದಲ ಮಾತು, "ಏನೋ, ಬಚ್ಚಲಲ್ಲಿ ಕೂತಿದ್ದೀಯಾ?" ನಾನು ಕೂತಿದ್ದದ್ದು ಮುಚ್ಚಿದ ಕೋಣೆಯಲ್ಲಿ. ಮೈಕ್ ಬಾಯಿಂದ ದೂರ ಇರುವುದರಿಂದ ಕೋಣೆಯ ಪ್ರತಿಧ್ವನಿಯೂ ಸೇರಿಕೊಳ್ಳುತ್ತದೆ. ನಲ್ಲಿ ಬಿಟ್ಟ ಮೇಲಂತೂ ಗದ್ದಲದ ಜೊತೆ ನನ್ನ ಮಾತಿನ ಕೊನೆಯ ಅಕ್ಷರಗಳನ್ನೂ ಅದು ಕತ್ತರಿಸಿ ಹಾಕಿತು. "ಬರ್ತೀನಿ" ಅಂದದ್ದು ಅವಳಿಗೆ "ಬರ್ತೀ" ಅಂತ ಕೇಳಿಸಿ, ಎಲ್ಲಿಗೆ ಬರಬೇಕು ಅಂತ ಕೇಳಿದಳು.

ಇಲ್ಲಿ ಡಬ್ಬದ ಮೇಲಿನ ಎರಡು ಅಕ್ಷರಗುಚ್ಛ ಬೇರೆ ಮಾಡಿಕೊಳ್ಳಬೇಕು. ಎಎನ್‌ಸಿ ಅಂದರೆ ನಮ್ಮ ಕಿವಿಗೆ ಬೀಳುವ ಗದ್ದಲ ಕಡಿಮೆ ಮಾಡುವುದು. ಇಎನ್‌ಸಿ ಅಂದರೆ ಆಚೆಯವರಿಗೆ ಹೋಗುವ ಗದ್ದಲ ಕಡಿಮೆ ಮಾಡುವುದು. ಅಗ್ಗದ, ಕಿವಿ ಮುಚ್ಚದವುಗಳ ಮೇಲೆ ಇರುವುದು ಬಹುಪಾಲು ಎರಡನೆಯದು. ಅದನ್ನು ನೋಡಿ ಬಸ್ಸಿನ ಸದ್ದು ಅಡಗುತ್ತದೆ ಅಂತ ತಗೊಂಡರೆ ಕೈ ಸುಟ್ಟುಕೊಂಡ ಹಾಗೆ.

ಸದ್ದು ಸೋರುವ ವಿಷಯ. ಮೂರೂ ಸೋರುತ್ತವೆ. ಸ್ಪೀಕರ್ ಇರುವ ಬಗೆಗಳಲ್ಲಿ ಹಿಂಬದಿಯಿಂದ ತಿರುವುಮುರುವಾದ ಅಲೆ ಬಿಟ್ಟು ಹೊರಗಿನ ಸದ್ದನ್ನು ತಕ್ಕಮಟ್ಟಿಗೆ ಅಳಿಸುತ್ತಾರೆ, ಆದರೆ ಕೀಚಲು ಸದ್ದು ಅದಕ್ಕೆ ಬಗ್ಗುವುದಿಲ್ಲ. ಲಿಫ್ಟ್‌ನಲ್ಲಿ ನನ್ನ ಪಕ್ಕ ನಿಂತವರು ಒಮ್ಮೆ ನನ್ನ ಕಾಲ್ ಮುಗಿಯುವ ತನಕ ಗೋಡೆ ನೋಡುತ್ತಾ ನಗು ತಡೆದುಕೊಂಡಿದ್ದರು. ಅಷ್ಟು ಸಾಕಲ್ವಾ ಅರ್ಥವಾಗಲು?

ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಮಾಡುವವರಿಗೆ ಒಂದು ಮಾತು. ಮೈಕ್ ಆನ್ ಆದ ಕೂಡಲೇ ಕೇಳಿಸುವ ಸದ್ದೂ ಕೆಟ್ಟುಹೋದರೆ ಅದು ಹೆಡ್‌ಫೋನ್ ತಪ್ಪಲ್ಲ. ಹಳೆಯ ಬ್ಲೂಟೂತ್ ವ್ಯವಸ್ಥೆಯಲ್ಲಿ ಹಾಡಿಗೆ ಒಂದು ದಾರಿ, ಫೋನ್ ಮಾತಿಗೆ ಇನ್ನೊಂದು. ಮಾತಿನ ದಾರಿ ಕಿರಿದು, ಅದರಲ್ಲಿ ಸದ್ದಿನ ವಿವರ ಕಡಿಮೆ ಹೋಗುತ್ತದೆ. 2020ರಲ್ಲಿ ಬಂದ ಬ್ಲೂಟೂತ್ 5.2ರ ಜೊತೆ ಎಲ್‌ಇ ಆಡಿಯೋ ಎಂಬ ಹೊಸ ದಾರಿ ತೆರೆದಿದೆ, ಆದರೆ ಎರಡೂ ಕಡೆ ಅದು ಇರಬೇಕು. ಅಲ್ಲಿಯ ತನಕ ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪ್‌ನದೇ ಮೈಕ್ ಆರಿಸಿ, ಹೆಡ್‌ಫೋನನ್ನು ಕೇಳಲು ಮಾತ್ರ ಬಳಸಿ. ಕ್ಲಿಪ್ ಇಷ್ಟಪಟ್ಟವರಿಗೆ ಇದೇ ಬಿಡುಗಡೆ, ಅದರ ಸೋಲು ಇರುವುದು ಮೈಕ್‌ನಲ್ಲಿ ತಾನೇ.

ಅಗ್ಗಕ್ಕಾಗಿ ಏನನ್ನು ಬಿಟ್ಟುಕೊಡಬಹುದು? ವೈರ್ ಇಲ್ಲದೆ ಚಾರ್ಜ್ ಆಗುವುದು, ಕಿವಿಯಿಂದ ತೆಗೆದರೆ ಹಾಡು ನಿಲ್ಲುವುದು, ಇವು ಇಲ್ಲದೆ ನಡೆಯುತ್ತದೆ. ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಒಟ್ಟಿಗೆ ಕೂಡಿಕೊಳ್ಳುವ ಮಲ್ಟಿಪಾಯಿಂಟ್ ಬಿಡಬೇಡಿ. ನೀರಿನ ವಿಷಯಕ್ಕೆ ಬಂದರೆ, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಗುರುತು ಐಪಿಎಕ್ಸ್4 ಇದ್ದರೆ ಬೆವರಿಗೆ, ಹನಿಗೆ ಸಾಕು. ಅಲ್ಲಿರುವ ಎಕ್ಸ್ ಅಂದರೆ ಧೂಳಿನ ಪರೀಕ್ಷೆಯ ಅಂಕ ಕೊಟ್ಟಿಲ್ಲ ಅಂತ.

ವಾಲ್ಯೂಮ್ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ಕಿವಿ ತೆರೆದಿದೆ ಅಂದಮೇಲೆ ಸುರಕ್ಷಿತ ಅಂದುಕೊಂಡಿದ್ದೆ. ಆದರೆ ಗದ್ದಲದ ರಸ್ತೆಯಲ್ಲಿ ಅದನ್ನು ಮೀರಿಸಲು ನಾವೇ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸದ್ದು 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ತನಕ ಕೇಳಬಹುದು, 90 ಆದರೆ ಬರೀ 4 ಗಂಟೆ. ಈಗ ಬಸ್ಸಿನಲ್ಲಿ ಈ ಮೂರರಲ್ಲಿ ಯಾವುದನ್ನೂ ಹಾಕುವುದಿಲ್ಲ, ಹಳೆಯ ರಬ್ಬರ್ ತುದಿಯದ್ದೇ ಗತಿ.

ಕೊನೆಗೆ ನನ್ನ ಮೇಜಿನ ಮೇಲೆ ಉಳಿದದ್ದು ಕೊಕ್ಕೆ. ಕನ್ನಡಕ ಬೇಕಾಗುವ ದಿನ ಮಧ್ಯೆ ಮಧ್ಯೆ ತೆಗೆದಿಡುತ್ತೇನೆ. ಬೋನ್ ಕಂಡಕ್ಷನ್‌ಗೆ ಅದರದೇ ಆದ ಅಯಸ್ಕಾಂತದ ಚಾರ್ಜಿಂಗ್ ವೈರ್, ಬೇರೆ ಯಾವುದೂ ಹಿಡಿಯುವುದಿಲ್ಲ. ಆ ವೈರ್ ಕಳೆದುಹೋಗಿ ಮೂರು ವಾರವಾಯಿತು, ಹುಡುಕುತ್ತಿದ್ದೇನೆ. ಕ್ಲಿಪ್ ಅಕ್ಕನ ಪಾಲಾಗಿದೆ. ಮೊನ್ನೆ ಅದರಿಂದಲೇ ಫೋನ್ ಮಾಡಿದ್ದಳು. ನಾನೂ ಬಿಡಲಿಲ್ಲ, ಬಚ್ಚಲಲ್ಲಿ ಕೂತಿದ್ದೀಯಾ ಅಂತ ಕೇಳಿದೆ.