ಉಚಿತ ಮಣ್ಣು ಪರೀಕ್ಷೆಯ ಚೀಟಿ ನೋಡಿ ಪೊಟ್ಯಾಷ್ ಗೊಬ್ಬರ ಹಾಕುವುದನ್ನು ಬಿಡಬೇಡಿ

ಎರೆ (ಕರಿ ಮಣ್ಣಿನ) ಹೊಲದಲ್ಲಿ ಹತ್ತಿ ಹಾಕುವವರು ಇದನ್ನು ಓದಿ. ಗೊಬ್ಬರ ಮಾರುವವರೇ ಬಂದು ಬಿಟ್ಟಿಯಾಗಿ ಮಣ್ಣು ಪರೀಕ್ಷೆ ಮಾಡಿಸಿಕೊಡುತ್ತೇವೆ ಎಂದರೆ, ಅವರು ಮಣ್ಣನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿ.

ನವಲಗುಂದದ ಕಡೆಯ ನಮ್ಮ ಹೊಲಕ್ಕೂ ಇಂಥವನೊಬ್ಬ ಬಂದಿದ್ದ. ಆಮೇಲೆ ಬಂದ ಚೀಟಿಯಲ್ಲಿ ಪೊಟ್ಯಾಷ್ ಮುಂದೆ ‘ಅಧಿಕ’ ಎಂದಿತ್ತು. “ಕರಿ ಮಣ್ಣಿನಲ್ಲಿ ಪೊಟ್ಯಾಷ್ ಕೊಳೆತು ಬಿದ್ದಿದೆ ಯಜಮಾನರೇ, ಡಿಎಪಿ, ಯೂರಿಯಾ ಸಾಕು” ಎಂದ ಅಂಗಡಿಯವರು, ಇರುವ ಪೊಟ್ಯಾಷನ್ನು ಕರಗಿಸಲು ಒಂದು ಬಾಟಲಿಯನ್ನೂ ಕೊಟ್ಟರು. ಕಾಯಿ ತುಂಬುವ ಹೊತ್ತಿಗೆ ಎಲೆಗಳ ಅಂಚು ಹಳದಿಯಾಗಿ, ತುಕ್ಕು ಹಿಡಿದಂತೆ ಕಂದಿ, ಕೆಳಕ್ಕೆ ಮುದುಡಿ ಉದುರಿದವು. ಎಷ್ಟೋ ಕಾಯಿಗಳು ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಇನ್ನೊಂದು ಬಾಟಲಿ!

ಎಲೆ ನೋಡಿದ ಕೃಷಿ ಅಧಿಕಾರಿ ಮೊದಲು ಕೇಳಿದ್ದು, ಮಣ್ಣು ತೆಗೆದದ್ದು ಎಲ್ಲಿ ಎಂದು. ನನ್ನ ತಮ್ಮ ತೋರಿಸಿದ. ಬದುವಿನ ಪಕ್ಕ, ವರ್ಷವೂ ಹತ್ತಿ ಕಟ್ಟಿಗೆ ಸುಡುವ ಜಾಗ. ಬೂದಿಯಲ್ಲಿ ಪೊಟ್ಯಾಷ್ ಇರದೆ ಇನ್ನೇನಿರುತ್ತದೆ? ರಸ್ತೆಗೆ ಹತ್ತಿರವೆಂದು ಆ ಮಹಾಶಯ ಹೊಲದೊಳಗೆ ಕಾಲಿಟ್ಟೇ ಇರಲಿಲ್ಲ.

ಹೋಗಲಿ, ಮಾದರಿ ಸರಿಯಾಗಿದ್ದರೂ ‘ಅಧಿಕ’ ಎಂಬ ಮಾತಿಗೆ ಮಿತಿಯಿದೆ. ಮಣ್ಣಿನ ಪೊಟ್ಯಾಷಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಖನಿಜದೊಳಗೇ ಸೇರಿಕೊಂಡಿರುತ್ತದೆ. ಉಳಿದದ್ದರಲ್ಲೂ ಒಂದಷ್ಟನ್ನು ಜೇಡಿಯ ಪದರಗಳು ಒಳಗೆ ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಎರೆಯಲ್ಲಿ ಹೇರಳವಾಗಿರುವ ಸುಣ್ಣ, ಮೆಗ್ನೀಸಿಯಂ ಬೇರಿನ ಬಾಯಲ್ಲಿ ಪೊಟ್ಯಾಷಿನ ಜೊತೆ ಪೈಪೋಟಿಗಿಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ತೇವ. ಪೊಟ್ಯಾಷ್ ಮಣ್ಣಿನ ನೀರಿನಲ್ಲಿ ಮೆಲ್ಲಗೆ ಹರಡಿಕೊಂಡೇ ಬೇರು ಮುಟ್ಟಬೇಕು. ಮಳೆ ಕೈಕೊಟ್ಟು ಹೊಲ ಬಿರುಕು ಬಿಟ್ಟರೆ ಆ ಓಡಾಟ ಕುಂಠಿತವಾಗುತ್ತದೆ. ನೀರು ನಿಂತರೂ ಕಷ್ಟವೇ, ಉಸಿರಾಡದ ಬೇರು ಸರಿಯಾಗಿ ಹೀರುವುದಿಲ್ಲ. ಹತ್ತಿಗೆ ಪೊಟ್ಯಾಷ್ ಅತಿ ಹೆಚ್ಚು ಬೇಕಾಗುವುದು ಕಾಯಿ ಕಟ್ಟಿ ತುಂಬುವಾಗ. ನಮ್ಮಲ್ಲಿ ಮೇಲ್ಮಣ್ಣು ಒಣಗಲು ಶುರುವಾಗುವುದೂ ಆಗಲೇ.

ಆ ಬಾಟಲಿಯ ವಿಷಯ. ಪೊಟ್ಯಾಷ್ ಕರಗಿಸುವ ಬ್ಯಾಕ್ಟೀರಿಯಾ ಎಂಬುದು ಸುಳ್ಳಲ್ಲ, ಆದರೆ ಅದು ಗೊಬ್ಬರಕ್ಕೆ ಬದಲಿಯಲ್ಲ. ಚೀಲದ ಮೇಲಿನ ಅಂಕಿ ಓದಿ: ಎಂಒಪಿಯಲ್ಲಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಪೊಟ್ಯಾಷ್ ನೂರಕ್ಕೆ 60, ಎಸ್‌ಒಪಿಯಲ್ಲಿ (ಸಲ್ಫೇಟ್ ಆಫ್ ಪೊಟ್ಯಾಷ್) 50, ಕಾಕಂಬಿ ಮೂಲದ ಪಿಡಿಎಂನಲ್ಲಿ 14.5. ಎಂಒಪಿ ಬೆಲೆಗೆ ಪಿಡಿಎಂ ಕೊಳ್ಳಬೇಡಿ. ಕಾಯಿ ಹಂತದಲ್ಲಿ ಎಲೆಗೆ ಸಿಂಪಡಿಸಲು 13-0-45 (ಪೊಟ್ಯಾಸಿಯಂ ನೈಟ್ರೇಟ್) ಇದೆ. ಆದರೆ ಎಲೆ ಕೆಂಪಾಗುವುದೆಲ್ಲ ಪೊಟ್ಯಾಷ್ ಕೊರತೆಯಲ್ಲ. ಮೆಗ್ನೀಸಿಯಂ ಕೊರತೆಯಿಂದಲೂ ಆಗುತ್ತದೆ, ಜಿಗಿಹುಳುವಿನಿಂದಲೂ ಆಗುತ್ತದೆ. ಎಲೆಯನ್ನು ತಿಳಿದವರಿಗೆ ತೋರಿಸಿಯೇ ಪಂಪು ಹೊರಿ.

ಮಣ್ಣನ್ನು ನೀವೇ ತೆಗೆಯಿರಿ. ಬದು, ತಿಪ್ಪೆ, ಸುಟ್ಟ ಜಾಗ ಬಿಟ್ಟು, ಅಡ್ಡಾದಿಡ್ಡಿಯಾಗಿ ನಡೆದು ಹತ್ತು ಹದಿನೈದು ಕಡೆ ಅರ್ಧ ಅಡಿ ಆಳದವರೆಗೆ ಅಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಚೀಟಿ ಬಂದ ಮೇಲೆ, ಅಂಕಿ ಬರಿಯ ಪೊಟ್ಯಾಸಿಯಂನದೋ (ಕೆ), ಅದರ ಆಕ್ಸೈಡ್ ಲೆಕ್ಕದ ಪೊಟ್ಯಾಷಿನದೋ (ಕೆ2ಒ) ಎಂದು ಕೇಳಿ. ‘ಅಧಿಕ’ದ ಗೆರೆಯಾದ ಹೆಕ್ಟೇರಿಗೆ 280 ಕಿಲೋ ಪೊಟ್ಯಾಸಿಯಂ ಎಂದರೆ ಸುಮಾರು 336 ಕಿಲೋ ಪೊಟ್ಯಾಷ್. ಪೊಟ್ಯಾಷಿನ ಅಂಕಿಯನ್ನು ಪೊಟ್ಯಾಸಿಯಂನ ಪಟ್ಟಿಗೆ ಹಿಡಿದರೆ ‘ಮಧ್ಯಮ’ದ ಹೊಲವೂ ‘ಅಧಿಕ’ವಾಗಿಬಿಡುತ್ತದೆ.