13ಬಿ ಎಂಜಿನ್‌ಗೆ ಒಂದು ಅಗಲ ರೇಡಿಯೇಟರ್ ಹಾಕೋದಾ, ಎರಡು ಎಸಿ ಕೋರ್ ಹಾಕೋದಾ?

ನಾವೇ ಕಟ್ಟಿಕೊಂಡ ವಿಮಾನಕ್ಕೆ ಮಾಜ್ಡಾ ಕಾರಿನ 13ಬಿ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನದಂಥ ರೋಟರ್ ತಿರುಗುವ ಎಂಜಿನ್) ಕೂರಿಸಿದರೆ, ಹಾರಾಟ ಶುರುವಾದ ಮೇಲೆ ಕಾಡುವ ಮೊದಲ ಪ್ರಶ್ನೆ ನೀರಿನ ಬಿಸಿಯದ್ದು. ಎಂಜಿನ್ ಚಿಕ್ಕದು, ನಡುಕ ಕಡಿಮೆ, ಕೆಡಲು ವಾಲ್ವೇ ಇಲ್ಲ. ಆದರೆ ಹೊರಹಾಕಬೇಕಾದ ಬಿಸಿ ಜಾಸ್ತಿ. ನಾನು ಒಂದೇ ವಿಮಾನದಲ್ಲಿ, ಒಂದೇ ಎಂಜಿನ್‌ಗೆ ಎರಡು ಬಗೆಯ ಕೂಲಿಂಗ್ ಹಾಕಿ ಹಾರಿಸಿ ನೋಡಿದ್ದೇನೆ. ಮೊದಲು ಎಂಜಿನ್ ಕೆಳಗೆ ಕಾರಿನ ಥರದ ಒಂದು ಅಗಲ, ತೆಳು ರೇಡಿಯೇಟರ್. ಆಮೇಲೆ ಅದನ್ನು ತೆಗೆದು ಎರಡೂ ಪಕ್ಕಕ್ಕೆ ಒಂದೊಂದು ಇವಾಪರೇಟರ್ ಕೋರ್, ಅಂದರೆ ಕಾರಿನ ಎಸಿಯ ಒಳಗಿರುವ ಚಿಕ್ಕ, ದಪ್ಪ ಅಲ್ಯೂಮಿನಿಯಂ ಕೋರ್ (ಗಾಳಿ ಹಾಯುವಂಥ ಕೊಳವೆ, ತೆಳು ತಗಡುಗಳ ಜಾಲರಿ). ಈಗ ವಿಮಾನದಲ್ಲಿರುವುದು ಈ ಎರಡನೆಯದು, ಅದನ್ನು ಬದಲಿಸುವ ಯೋಚನೆಯೂ ಇಲ್ಲ. ಆದರೂ ಕೇಳಿದವರಿಗೆಲ್ಲ ಅದನ್ನೇ ಹಾಕಿ ಅಂತ ನಾನು ಹೇಳುವುದಿಲ್ಲ.

ಯಾವುದನ್ನು ಬದಲಿಸುವ ಮೊದಲೂ ಬಿಸಿ ಎಲ್ಲಿ ಹುಟ್ಟುತ್ತದೆ ಅನ್ನೋದು ಗೊತ್ತಿರಬೇಕು. 13ಬಿಯಲ್ಲಿ ಎರಡು ರೋಟರ್, ಒಂದೊಂದಕ್ಕೂ 654 ಸಿಸಿ. ಪಿಸ್ಟನ್ ಎಂಜಿನ್‌ನಲ್ಲಿ ಬೆಂಕಿ ಹತ್ತಿದ ಜಾಗಕ್ಕೇ ಮುಂದಿನ ಸುತ್ತಿನಲ್ಲಿ ತಣ್ಣನೆ ಗಾಳಿ ಬರುತ್ತದೆ. ರೋಟರಿಯಲ್ಲಿ ಹಾಗಲ್ಲ. ಉರಿಯುವುದು ಯಾವಾಗಲೂ ಸ್ಪಾರ್ಕ್ ಪ್ಲಗ್ ಇರುವ ಕಡೆ, ಗಾಳಿ ಎಳೆದುಕೊಳ್ಳುವುದು ಇನ್ನೊಂದು ಕಡೆ. ಪ್ಲಗ್‌ಗಳ ಸುತ್ತ ನೀರಿನ ಓಟ ನಿಧಾನವಾದರೆ ಅಲ್ಲೇ ಆವಿ ಏಳುತ್ತದೆ. ಇನ್ನು ರೋಟರ್‌ಗಳನ್ನು ತಣಿಸುವುದು ನೀರಲ್ಲ, ಆಯಿಲ್. ಹೊರಹಾಕಬೇಕಾದ ಬಿಸಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಆಯಿಲ್ ಕೂಲರ್ ಮೇಲೆ ಬೀಳುತ್ತದೆ. ಹಾಗಾಗಿ ನೀರು, ಆಯಿಲ್ ಎರಡೂ ಒಟ್ಟಿಗೆ ಏರುತ್ತಿದ್ದರೆ ನಾನು ಮೊದಲು ನೋಡುವುದು ಕೌಲಿಂಗ್‌ನಿಂದ, ಅಂದರೆ ಎಂಜಿನ್ ಮುಚ್ಚುವ ಹೊರಕವಚದಿಂದ, ಗಾಳಿ ಹೊರಹೋಗುವ ದಾರಿ. ನೀರೊಂದೇ ಏರಿದರೆ ರೇಡಿಯೇಟರ್‌ಗೆ ಗಾಳಿ ತರುವ ಡಕ್ಟ್, ನೀರಿನ ಓಟ ಅಥವಾ ಒಳಗೆ ಸಿಕ್ಕಿಕೊಂಡ ಗಾಳಿಯ ಮೇಲೆ ಅನುಮಾನ.

ಅಗಲ ರೇಡಿಯೇಟರ್ ನೆಲದ ಮೇಲೆ ತುಂಬಾ ಸಮಾಧಾನ ಕೊಡುತ್ತದೆ. ಕೋರ್ ತೆಳುವಾಗಿರುವುದರಿಂದ ಸ್ವಲ್ಪ ಒತ್ತಡ ಇದ್ದರೂ ಗಾಳಿ ನುಗ್ಗುತ್ತದೆ. ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಟೇಕಾಫ್‌ಗೆ ಸರದಿ ಕಾಯುವಾಗ ತಾಪಮಾನದ ಮುಳ್ಳು ಆರಾಮಾಗಿ ನಿಂತಿರುತ್ತಿತ್ತು. ಜೋಡಿಸುವುದೂ ಸುಲಭ, ಹೋಸ್ ಕಡಿಮೆ. ಕಷ್ಟ ಶುರುವಾಗುವುದು ಗಾಳಿಯಲ್ಲಿ. ಅಷ್ಟು ಅಗಲದ ಮುಖಕ್ಕೆ ಚಿಕ್ಕ ಬಾಯಿಯಿಂದ ಗಾಳಿ ಹರಡಬೇಕಾದರೆ ಉದ್ದದ ಡಕ್ಟ್ ಬೇಕು. ಎಂಜಿನ್ ಕೆಳಗೆ ಅಷ್ಟು ಜಾಗ ಎಲ್ಲಿದೆ? ಗಾಳಿ ಡಕ್ಟ್‌ನ ಗೋಡೆ ಬಿಟ್ಟು ಸುಳಿಯಾಗುತ್ತದೆ, ಕೋರ್‌ನ ಒಂದು ಭಾಗಕ್ಕೆ ಮಾತ್ರ ಹೊಡೆಯುತ್ತದೆ. ಕೋರ್‌ನ ಹಿಂಬದಿಗೆ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿ, ಚಿಕ್ಕ ಕ್ಯಾಮೆರಾ ಇಟ್ಟು ಹಾರಿಸಿದಾಗ ಇದು ಕಣ್ಣಿಗೇ ಕಂಡಿತು. ಮಧ್ಯದ ದಾರಗಳು ನೆಟ್ಟಗೆ ಹಿಂದಕ್ಕೆ ಚಾಚಿದ್ದವು. ಮೂಲೆಯವು ಸುಮ್ನೆ ಜೋತುಬಿದ್ದಿದ್ದವು. ಒಂದೆರಡು ಮುಂದಕ್ಕೇ ತಿರುಗಿದ್ದವು, ಅಂದರೆ ಅಲ್ಲಿ ಬಿಸಿ ಗಾಳಿ ವಾಪಸ್ ಬರುತ್ತಿತ್ತು.

ಎಸಿ ಕೋರ್‌ಗಳ ಕಥೆ ಇದಕ್ಕೆ ಉಲ್ಟಾ. ಮುಖ ಚಿಕ್ಕದು, ಹಾಗಾಗಿ ಗಿಡ್ಡ ಡಕ್ಟ್‌ನಲ್ಲೂ ಗಾಳಿ ಸಮವಾಗಿ ಹರಡುತ್ತದೆ. ಆದರೆ ಕೋರ್ ದಪ್ಪ, ಗಾಳಿಯನ್ನು ಒಳಗೆ ತಳ್ಳಲು ಒತ್ತಡ ಬೇಕು. ಒತ್ತಡ ಬರುವುದು ವೇಗದಿಂದ. ಸಮುದ್ರ ಮಟ್ಟದಲ್ಲಿ 80 ನಾಟ್ (ಗಂಟೆಗೆ ಸುಮಾರು 148 ಕಿ.ಮೀ.) ವೇಗದಲ್ಲಿ ಗಾಳಿಯ ಒತ್ತಡ ಸುಮಾರು 105 ಮಿಲಿಮೀಟರ್ ಎತ್ತರದ ನೀರಿನಷ್ಟು, 160 ನಾಟ್‌ಗೆ ಅದರ ನಾಲ್ಕು ಪಟ್ಟು. ಅದಕ್ಕೇ ಕ್ರೂಸ್‌ನಲ್ಲಿ, ಅಂದರೆ ಒಂದೇ ಎತ್ತರದಲ್ಲಿ ನೇರವಾಗಿ ಹಾರುವಾಗ, ಈ ಕೋರ್‌ಗಳನ್ನು ಮೀರಿಸುವುದು ಕಷ್ಟ, ಟ್ಯಾಕ್ಸಿಯಲ್ಲಿ ಮಾತ್ರ ಮುಳ್ಳಿನ ಮೇಲೆ ಒಂದು ಕಣ್ಣಿಡಲೇಬೇಕು. ಕ್ಲೈಂಬ್‌ನಲ್ಲಿ ನಾನು ಮೂಗು ಸ್ವಲ್ಪ ಇಳಿಸಿ, ವೇಗ ಸ್ವಲ್ಪ ಹೆಚ್ಚಿಟ್ಟು ಏರುತ್ತೇನೆ. ಅಷ್ಟರಿಂದಲೇ ಬಿಸಿ ಹಿಡಿತಕ್ಕೆ ಬರುತ್ತದೆ.

ಇನ್ನೊಂದು ತೊಡಕು ನೀರಿನ ಕಡೆಯದು. ಎಸಿ ಕೋರ್‌ನ ಮೂಲ ಪೈಪು ಸಣ್ಣದು. ಅದನ್ನು ಕತ್ತರಿಸಿ ದೊಡ್ಡ ಫಿಟಿಂಗ್ ವೆಲ್ಡ್ ಮಾಡಿಸಬೇಕು. ತೆಳು ಅಲ್ಯೂಮಿನಿಯಂ ವೆಲ್ಡಿಂಗ್‌ನಲ್ಲಿ ಕೈ ಪಳಗಿದವರೇ ಬೇಕು, ಒಳಗಿನ ಎಸಿ ಆಯಿಲ್ ಪೂರ್ತಿ ತೊಳೆದಿರಬೇಕು, ಇಲ್ಲದಿದ್ದರೆ ಸೂಜಿಮೊನೆ ತೂತುಗಳು ಉಳಿಯುತ್ತವೆ. ಎರಡು ಕೋರ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿಯೂ ನೋಡಿದೆ, ಅಕ್ಕಪಕ್ಕ ನೀರು ಹಂಚಿಯೂ ನೋಡಿದೆ. ಒಂದರ ಹಿಂದೆ ಒಂದು ಇದ್ದಾಗ ಪಂಪ್ ಎರಡು ಪಟ್ಟು ಅಡ್ಡಿ ದಾಟಬೇಕು, ನೀರಿನ ಓಟ ಕುಗ್ಗುತ್ತದೆ. ಹಂಚಿದ್ದೇ ಒಳ್ಳೆಯದು. ಆದರೆ ಹಂಚಿದಾಗ ಒಂದು ಕೋರ್‌ನಲ್ಲಿ ಗಾಳಿ ಗುಳ್ಳೆ ನಿಂತರೂ ನೀರೆಲ್ಲ ಇನ್ನೊಂದರ ಕಡೆ ಹೋಗಿಬಿಡುತ್ತದೆ. ಎರಡೂ ಕೋರ್‌ಗಳ ಒಳಪೈಪು, ಹೊರಪೈಪುಗಳಿಗೆ ತಾಪಮಾಪಕ ಅಂಟಿಸಿ. ಎಡ ಬಲ ವ್ಯತ್ಯಾಸ ಕಂಡರೆ ಪ್ರತಿ ಕೋರ್‌ನ ತುದಿಯಿಂದ ಗಾಳಿ ಹೊರಬಿಡುವ ಸಣ್ಣ ಬ್ಲೀಡ್ ಹೋಸ್ ಎಳೆದು ಎಲ್ಲಕ್ಕಿಂತ ಎತ್ತರದ ಟ್ಯಾಂಕ್‌ಗೆ ಸೇರಿಸಿ. ನೆಲದ ಮೇಲೆ ಪರೀಕ್ಷೆ ಮಾಡುವಾಗ ಆ ಹೋಸ್ ಪಾರದರ್ಶಕವಾಗಿದ್ದರೆ ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ. ಅವು ನಿಲ್ಲುವ ತನಕ ವಿಮಾನ ಎತ್ತಬೇಡಿ.

ಯಾವ ರೇಡಿಯೇಟರ್ ಇದ್ದರೂ ಮೊದಲು ಅಳತೆ, ಆಮೇಲೆ ಕತ್ತರಿ. ಇದಕ್ಕೆ ದುಬಾರಿ ಉಪಕರಣ ಬೇಡ. ವಿಮಾನದ ವೇಗ ತೋರಿಸುವ ಒಂದು ಹಳೆಯ ಏರ್‌ಸ್ಪೀಡ್ ಇಂಡಿಕೇಟರ್ ಸಾಕು. ಅದೂ ಒತ್ತಡದ ವ್ಯತ್ಯಾಸ ತೋರಿಸುವ ಗೇಜೇ ಅಲ್ವಾ? ಅದರ ಒಂದು ತುದಿಗೆ ಕೋರ್ ಮುಂದಿನ ಟ್ಯೂಬ್, ಇನ್ನೊಂದಕ್ಕೆ ಕೋರ್ ಹಿಂದಿನ ಟ್ಯೂಬ್. ಆಮೇಲೆ ಒಂದೊಂದು ಕಡೆಯನ್ನೂ ವಿಮಾನದ ಸ್ಟ್ಯಾಟಿಕ್ ಲೈನ್ (ಹೊರಗಿನ ಗಾಳಿಯ ಸಹಜ ಒತ್ತಡ ತರುವ ಟ್ಯೂಬ್) ಜೊತೆ ಹೋಲಿಸಿ. ಕೋರ್ ಮುಂದೆ ಒತ್ತಡ ಕಡಿಮೆ ಇದ್ದರೆ ಬಾಯಿ ಅಥವಾ ಡಕ್ಟ್ ಸರಿಯಿಲ್ಲ. ಮುಂದೆಯೂ ಜಾಸ್ತಿ, ಹಿಂದೆಯೂ ಜಾಸ್ತಿ ಅಂದರೆ ಗಾಳಿಗೆ ಹೊರಹೋಗಲು ಜಾಗವಿಲ್ಲ. ಎಷ್ಟೋ ಜನ ಬಾಯಿ ದೊಡ್ಡದು ಮಾಡುತ್ತಾ ಹೋಗುತ್ತಾರೆ, ಹೊರದಾರಿ ಮುಟ್ಟುವುದೇ ಇಲ್ಲ. ನನ್ನ ವಿಮಾನದಲ್ಲಿ ಹೊರದಾರಿಯ ತುದಿಗೆ ಹಾಕಿದ ಒಂದು ಚಿಕ್ಕ ತಗಡಿನ ತುಟಿ, ಬಾಯಿಗೆ ಮಾಡಿದ ಎಲ್ಲ ಕೆಲಸಕ್ಕಿಂತ ಹೆಚ್ಚು ಫಲ ಕೊಟ್ಟಿತು. ಕೋರ್ ಮತ್ತು ಡಕ್ಟ್ ಸೇರುವ ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಮುಚ್ಚಿ. ಗಾಳಿ ಕೋರ್ ಬಿಟ್ಟು ಆ ಸಂದಿಯಲ್ಲೇ ನುಸುಳುತ್ತದೆ.

ಇನ್ನೊಂದು ಗೇಜ್ ಬಗ್ಗೆ ಹೇಳಲೇಬೇಕು: ಕೂಲಂಟ್‌ನ, ಅಂದರೆ ಎಂಜಿನ್ ತಣಿಸುವ ದ್ರವದ, ಒತ್ತಡ ತೋರಿಸುವುದು. ನನ್ನ ಪ್ರಕಾರ ಅದಿಲ್ಲದೆ ಈ ಎಂಜಿನ್ ಹಾರಿಸಬಾರದು. ನೀರು ಸೋರಿ ಹೋದರೆ ತಾಪಮಾನದ ಸೆನ್ಸರ್ ಖಾಲಿ ಜಾಗದಲ್ಲಿ ಕೂತು ಕಡಿಮೆ ತೋರಿಸಬಹುದು. ಒತ್ತಡದ ಮುಳ್ಳು ಅದಕ್ಕೂ ಮೊದಲೇ ಬಿದ್ದಿರುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ, ನೀರು ಬಿಸಿಯಾಗುವ ಮೊದಲೇ ಒತ್ತಡ ಏರಿದರೆ ರೇಡಿಯೇಟರ್ ಬೈಯಬೇಡಿ. ರೋಟರ್‌ಗಳ ಹೊರಗೂಡುಗಳಾದ ಹೌಸಿಂಗ್‌ಗಳ ನಡುವಿನ ನೀರಿನ ಸೀಲ್ ಹೋಗಿ, ಉರಿದ ಗ್ಯಾಸ್ ನೀರಿಗೆ ನುಗ್ಗುತ್ತಿರಬಹುದು. ಅದಕ್ಕೆ ಎಂಜಿನ್ ಬಿಚ್ಚುವುದೊಂದೇ ದಾರಿ.

ರೇಡಿಯೇಟರ್‌ಗೆ 15 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ತಡೆಯುವ ಮುಚ್ಚಳ ಇದ್ದರೆ ಸಮುದ್ರ ಮಟ್ಟದಲ್ಲಿ ಬರೀ ನೀರೂ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. 10,000 ಅಡಿಯಲ್ಲಿ ಅದೇ ಮುಚ್ಚಳಕ್ಕೆ ಅದು ಸುಮಾರು 116. ನೀರಿಲ್ಲದ ಗ್ಲೈಕಾಲ್ ಕೂಲಂಟ್ ಕೂಡ ಹಾಕಿ ನೋಡಿದೆ. ಬೇಗ ಕುದಿಯುವುದಿಲ್ಲ ನಿಜ, ಆದರೆ ನೀರಿಗೆ ಹೋಲಿಸಿದರೆ ಬಿಸಿ ಹೊರುವ ಶಕ್ತಿ ಕಡಿಮೆ. ಸೋರಿದರೆ ಹತ್ತಿಕೊಳ್ಳುತ್ತದೆ ಬೇರೆ. ರೋಟರಿಯ ಎಕ್ಸಾಸ್ಟ್ ಎಷ್ಟು ಬಿಸಿ ಅಂತ ಗೊತ್ತಲ್ಲ. ಅರ್ಧ ನೀರು, ಅರ್ಧ ಗ್ಲೈಕಾಲ್‌ಗೆ ವಾಪಸ್ ಬಂದೆ. ನೀರು ಬಿಸಿಯಾಗುವ ತನಕ ರೇಡಿಯೇಟರ್ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ತೆಗೆಯುವವರು ಅದರ ಕೆಳಗಿನ ಬೈಪಾಸ್ ತೂತನ್ನೂ ಮುಚ್ಚಬೇಕು. ಇಲ್ಲದಿದ್ದರೆ ಬಿಸಿ ನೀರು ರೇಡಿಯೇಟರ್ ಮುಟ್ಟದೆ ಎಂಜಿನ್‌ಗೇ ವಾಪಸ್ ಹೋಗುತ್ತದೆ.

ಡಕ್ಟ್‌ಗಳನ್ನು ಫೋಮ್, ಫೈಬರ್‌ಗ್ಲಾಸ್‌ನಲ್ಲಿ ಕೂತು ಕೆತ್ತುವ ತಾಳ್ಮೆ, ಒಳ್ಳೆಯ ವೆಲ್ಡರ್ ಎರಡೂ ಇದ್ದರೆ ಎಸಿ ಕೋರ್ ಹಾಕಿ. ವೇಗದ ವಿಮಾನಕ್ಕೆ ಅದೇ ಸರಿ. ನಿಧಾನವಾಗಿ ಹಾರುವ ವಿಮಾನ, ಬೇಗ ಎತ್ತಬೇಕು ಅನ್ನುವ ಆಸೆ ಇದ್ದವರಿಗೆ ಅಗಲ ರೇಡಿಯೇಟರ್ ಸಾಕು. ವೇಗದಲ್ಲಿ ಒಂದೆರಡು ನಾಟ್ ಹೋದರೆ ಹೋಗಲಿ. ಮೊದಲ ಹಾರಾಟಕ್ಕೆ ಮಾತ್ರ ಹೊರದಾರಿ ಲೆಕ್ಕಕ್ಕಿಂತ ದೊಡ್ಡದಿರಲಿ, ಅಂಕಿಗಳು ಕೈಗೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡುತ್ತಾ ಬನ್ನಿ.