ಡಿಎನ್‌ಎಸ್ ರೆಕಾರ್ಡ್ ಓದೋಕೆ ಯಾವ ಲೈಬ್ರರಿ? ನಾಲ್ಕನ್ನು ಬಳಸಿ ನೋಡಿದ ಮೇಲೆ

ಡೊಮೇನ್ ಹೆಸರಿನ ವಿವರಗಳನ್ನು, ಅಂದರೆ ರೆಕಾರ್ಡ್‌ಗಳನ್ನು, ಇಟ್ಟುಕೊಂಡು ಕೇಳಿದವರಿಗೆ ಕೊಡುವ ಇಂಟರ್ನೆಟ್‌ನ ವಿಳಾಸ ಪುಸ್ತಕವೇ ಡಿಎನ್‌ಎಸ್. ಒಂದು ಡೊಮೇನ್ ಕೊಟ್ಟರೆ ಅದರ ಮೇಲ್ ಸೆಟಪ್ ಸರಿ ಇದೆಯಾ ಅಂತ ಹೇಳುವ ಸಣ್ಣ ಟೂಲ್ ನನಗೆ ಬೇಕಿತ್ತು. ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು), ಎಸ್‌ಪಿಎಫ್ (ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು), ಡಿಕಿಮ್ (ಮೇಲ್‌ನ ಸಹಿ ಪರೀಕ್ಷಿಸುವ ಕೀ), ಡಿಮಾರ್ಕ್ (ಈ ಪರೀಕ್ಷೆ ತಪ್ಪಿದ ಮೇಲ್ ಅನ್ನು ಏನು ಮಾಡಬೇಕು) ಇಷ್ಟನ್ನೂ ಓದಬೇಕು, ತಪ್ಪಿದ್ದರೆ ತೋರಿಸಬೇಕು. ಇದೇ ಕೆಲಸವನ್ನು ನಾಲ್ಕು ರೀತಿ ಬರೆದು ನೋಡಿದೆ: ಪೈಥಾನ್‌ನ ಡಿಎನ್‌ಎಸ್‌ಪೈಥಾನ್, ಗೋ ಭಾಷೆಯ ಜೊತೆಗೇ ಬರುವ ನೆಟ್ ಪ್ಯಾಕೇಜ್, ಗೋಗೆ ಮೀಕ್ ಗೀಬೆನ್ ಬರೆದ ಡಿಎನ್‌ಎಸ್ ಲೈಬ್ರರಿ (ಕೋರ್‌ಡಿಎನ್‌ಎಸ್ ಎಂಬ ಡಿಎನ್‌ಎಸ್ ಸರ್ವರ್ ನಿಂತಿರುವುದು ಇದರ ಮೇಲೆಯೇ), ಮತ್ತು ನೋಡ್‌ನ (ನೋಡ್.ಜೆಎಸ್) ಡಿಎನ್‌ಎಸ್ ಮಾಡ್ಯೂಲ್. ಬರೀ ಐಪಿ ವಿಳಾಸ ಹುಡುಕೋಕೆ ಯಾವುದಾದರೂ ನಡೆಯುತ್ತದೆ. ಬಣ್ಣ ಗೊತ್ತಾಗುವುದು ಟಿಎಕ್ಸ್‌ಟಿ (ಪಠ್ಯ ಇಡುವ ರೆಕಾರ್ಡ್; ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಇರುವುದು ಇದರಲ್ಲೇ) ಓದುವಾಗ, ಮತ್ತು ಸರ್ವರ್ ‘ಇಲ್ಲ’ ಅಂದಾಗ.

ಮೊದಲು ಟಿಎಕ್ಸ್‌ಟಿ. ಈ ರೆಕಾರ್ಡ್‌ನ ಒಂದು ತುಂಡಿನಲ್ಲಿ 255 ಬೈಟ್‌ಗಿಂತ ಜಾಸ್ತಿ ಹಿಡಿಯುವುದಿಲ್ಲ. 2048 ಬಿಟ್‌ನ ಡಿಕಿಮ್ ಕೀ ಒಂದೇ 392 ಅಕ್ಷರ ಆಗುತ್ತದೆ. ಹಾಗಾಗಿ ಅದು ಎರಡು ತುಂಡಾಗಿ ಬಂದೇ ಬರುತ್ತದೆ. ನಡುವೆ ಏನೂ ಸೇರಿಸದೆ ಜೋಡಿಸಬೇಕು. ಗೋ ನೆಟ್ ಇದನ್ನು ತಾನೇ ಜೋಡಿಸಿ ಒಂದು ಸ್ಟ್ರಿಂಗ್ ಕೊಡುತ್ತದೆ, ನನಗೆ ತುಂಬಾ ಹಿಡಿಸಿತು. ನೋಡ್ ಅರೇ ಒಳಗೆ ಅರೇ ಕೊಡುತ್ತದೆ. ಒಳಗಿನ ಅರೇಯನ್ನು ಸುಮ್ನೆ ಸ್ಟ್ರಿಂಗ್ ಮಾಡಿದರೆ ಕೀ ಮಧ್ಯೆ ಒಂದು ಕಾಮಾ ಬಂದು ಕೂರುತ್ತದೆ. ಖಾಲಿ ಸ್ಟ್ರಿಂಗ್ ಕೊಟ್ಟು ಜಾಯಿನ್ ಮಾಡಬೇಕು. ಡಿಎನ್‌ಎಸ್‌ಪೈಥಾನ್‌ನಲ್ಲಿ ‘ಸ್ಟ್ರಿಂಗ್ಸ್’ ಎಂಬ ಗುಣದಲ್ಲಿ ಬೈಟ್ ತುಂಡುಗಳು ಇರುತ್ತವೆ, ಅದನ್ನೇ ತೆಗೆದುಕೊಳ್ಳಿ. ರೆಕಾರ್ಡನ್ನು ಪಠ್ಯವಾಗಿ ಪ್ರಿಂಟ್ ಮಾಡಿ ಉದ್ಧರಣ ಚಿಹ್ನೆ ತೆಗೆದರೆ ತುಂಡುಗಳ ಮಧ್ಯೆ ಒಂದು ಸ್ಪೇಸ್ ಉಳಿಯುತ್ತದೆ. ಡಿಕಿಮ್ ಕೀ ಒಳಗಿನ ಸ್ಪೇಸ್ ಲೆಕ್ಕಕ್ಕಿಲ್ಲ, ಅಲ್ಲಿ ಬಚಾವ್. ಆದರೆ ಎಸ್‌ಪಿಎಫ್‌ನಲ್ಲಿ ಇನ್‌ಕ್ಲೂಡ್ (ಬೇರೆ ಡೊಮೇನ್‌ನ ಎಸ್‌ಪಿಎಫ್ ಅನ್ನೂ ನೋಡು ಅನ್ನುವ ಸೂಚನೆ) ಹೆಸರಿನ ನಡುವೆಯೇ ತುಂಡಾಗಿದ್ದರೆ ಆ ಒಂದು ಸ್ಪೇಸ್ ಸಾಕು, ಸರಿಯಾದ ರೆಕಾರ್ಡ್ ಕೂಡ ತಪ್ಪು ಅಂತ ಕಾಣುತ್ತದೆ.

ಇನ್ನು ‘ಇಲ್ಲ’ ಅನ್ನುವ ಉತ್ತರ. ಇದರಲ್ಲಿ ಎರಡು ಬಗೆ. ಆ ಹೆಸರೇ ಇಲ್ಲ ಅನ್ನುವುದು ಒಂದು. ಹೆಸರಿದೆ, ನೀವು ಕೇಳಿದ ಬಗೆಯ ರೆಕಾರ್ಡ್ ಇಲ್ಲ ಅನ್ನುವುದು ಇನ್ನೊಂದು. ನನ್ನ ಟೂಲ್‌ಗೆ ಇದು ಜೀವಾಳ. ಮೊದಲನೆಯದಕ್ಕೆ ‘ಡೊಮೇನ್ ಹೆಸರು ಸರಿಯಾಗಿ ಟೈಪ್ ಮಾಡಿದ್ದೀರಾ ನೋಡಿ’ ಅನ್ನಬೇಕು, ಎರಡನೆಯದಕ್ಕೆ ‘ಎಸ್‌ಪಿಎಫ್ ಹಾಕಿಲ್ಲ’ ಅನ್ನಬೇಕು. ಡಿಎನ್‌ಎಸ್‌ಪೈಥಾನ್ ಇವೆರಡಕ್ಕೂ ಬೇರೆ ಬೇರೆ ಎಕ್ಸೆಪ್ಶನ್ ಎಸೆಯುತ್ತದೆ. ನೋಡ್ ಕೂಡ ಬೇರೆ ಬೇರೆ ಎರರ್ ಕೋಡ್ ಕೊಡುತ್ತದೆ. ಗೋ ನೆಟ್ ಮಾತ್ರ ಎರಡಕ್ಕೂ ‘ನೋ ಸಚ್ ಹೋಸ್ಟ್’ ಅಂದುಬಿಡುತ್ತದೆ. ಟಿಎಕ್ಸ್‌ಟಿಯಲ್ಲಿ ಗಳಿಸಿದ ಮೆಚ್ಚುಗೆ ಇಲ್ಲಿ ಹೋಯಿತು. ಟಿಟಿಎಲ್ (ಹಳೆಯ ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅವಧಿ) ಕೂಡ ಅದು ಕೊಡುವುದಿಲ್ಲ. ಬದಲಾಯಿಸಿದ ರೆಕಾರ್ಡ್ ಇನ್ನೂ ಯಾಕೆ ಕಾಣುತ್ತಿಲ್ಲ ಅಂತ ಬಳಕೆದಾರರಿಗೆ ಹೇಳೋಕೆ ಟಿಟಿಎಲ್ ಬೇಕೇ ಬೇಕು, ಅಲ್ವಾ? ನೋಡ್ ಅದನ್ನು ಐಪಿ ವಿಳಾಸ ಹೇಳುವ ಎ ಮತ್ತು ಕ್ವಾಡ್‌ಎ ರೆಕಾರ್ಡ್‌ಗೆ ಮಾತ್ರ, ಅದೂ ಕೇಳಿದರೆ, ಕೊಡುತ್ತದೆ.

ಗೀಬೆನ್ ಲೈಬ್ರರಿ ಎಲ್ಲವನ್ನೂ ಕೊಡುತ್ತದೆ, ಎಲ್ಲವನ್ನೂ ನಿಮ್ಮ ಕೈಯಲ್ಲೇ ಮಾಡಿಸುತ್ತದೆ. ಹೆಸರಿನ ಕೊನೆಗೆ ಚುಕ್ಕಿ ನೀವೇ ಹಾಕಬೇಕು. ಹೆಸರೇ ಇಲ್ಲ ಅಂತ ಸರ್ವರ್ ಹೇಳಿದರೂ ಎರರ್ ಖಾಲಿ ಇರುತ್ತದೆ, ಆರ್‌ಕೋಡ್ (ಉತ್ತರದ ಒಳಗಿನ ಫಲಿತಾಂಶದ ಸಂಖ್ಯೆ) ನೀವೇ ನೋಡಬೇಕು. ಡಿಎನ್‌ಎಸ್ ಸಾಮಾನ್ಯವಾಗಿ ಬಳಸುವ ಯುಡಿಪಿಯಲ್ಲಿ ಉತ್ತರ ಕತ್ತರಿಸಿ ಬಂದರೆ ಲೈಬ್ರರಿ ತಾನಾಗಿ, ದೊಡ್ಡ ಉತ್ತರ ಹಿಡಿಯುವ ಟಿಸಿಪಿಗೆ ಹೋಗುವುದಿಲ್ಲ. ಉತ್ತರ ಕತ್ತರಿಸಿದೆ ಎನ್ನುವ ಟಿಸಿ ಬಿಟ್ ನೋಡಿ ನೀವೇ ಮತ್ತೆ ಕೇಳಬೇಕು. ಇಡಿಎನ್‌ಎಸ್ (ದೊಡ್ಡ ಉತ್ತರ ಕೇಳಲು ಬಿಡುವ ಡಿಎನ್‌ಎಸ್ ವಿಸ್ತರಣೆ) ಹಾಕದಿದ್ದರೆ ಯುಡಿಪಿ ಉತ್ತರದ ಮಿತಿ 512 ಬೈಟ್, ದೊಡ್ಡ ಡೊಮೇನ್‌ಗಳ ಟಿಎಕ್ಸ್‌ಟಿ ಪಟ್ಟಿ ಅದನ್ನು ಸುಲಭವಾಗಿ ದಾಟುತ್ತದೆ. ನಾನು ಇಡಿಎನ್‌ಎಸ್‌ನಲ್ಲಿ 1232 ಬೈಟ್ ಹಾಕುತ್ತೇನೆ, ಡಿಎನ್‌ಎಸ್ ಸುಧಾರಣೆಗಾಗಿ ನಡೆದ 2020ರ ಡಿಎನ್‌ಎಸ್ ಫ್ಲ್ಯಾಗ್ ಡೇ ಅಭಿಯಾನ ಹೇಳಿದ ಅಳತೆ ಅದು. ನಿಮ್ಮದೇ ಸರ್ವರ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನನ್ನ ಪುಟ್ಟ ಟೂಲ್‌ಗೆ ಇದು ಜಾಸ್ತಿ ಆಯಿತು.

ನೋಡ್ ಬಳಸುವವರಿಗೆ ಒಂದು ಮಾತು: ‘ಲುಕಪ್’ ಫಂಕ್ಷನ್ ಮತ್ತು ‘ರಿಸಾಲ್ವ್’ ಫಂಕ್ಷನ್ ಒಂದೇ ಅಲ್ಲ. ಲುಕಪ್ ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುತ್ತದೆ, ಹೋಸ್ಟ್ಸ್ ಫೈಲ್ (ಕಂಪ್ಯೂಟರಿನಲ್ಲೇ ಇರುವ ವಿಳಾಸಪಟ್ಟಿ) ಕೂಡ ನೋಡುತ್ತದೆ. ರಿಸಾಲ್ವ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ರೆಕಾರ್ಡ್ ಪರೀಕ್ಷೆಗೆ ರಿಸಾಲ್ವ್ ಬಳಸಿ.

ಕನ್ನಡ ಹೆಸರುಗಳನ್ನು ಬಿಟ್ಟು ಈ ಹೋಲಿಕೆ ಮುಗಿಸಲು ನನಗೆ ಮನಸ್ಸಿಲ್ಲ. ‘.ಭಾರತ’ ಕನ್ನಡ ಲಿಪಿಯಲ್ಲೇ ಇದೆ, ಆದರೆ ಡಿಎನ್‌ಎಸ್ ಒಳಗೆ ಅದು ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ರೂಪ) ಆಗಿ ಹೋಗಬೇಕು. ನೋಡ್ ತಾನೇ ಬದಲಾಯಿಸುತ್ತದೆ. ಗೋ ನೆಟ್‌ಗೆ ಕನ್ನಡ ಹೆಸರಿನ ಟಿಎಕ್ಸ್‌ಟಿ ಕೇಳಿದರೆ, ಯಾವ ಸರ್ವರನ್ನೂ ಕೇಳದೆ ಮತ್ತದೇ ‘ನೋ ಸಚ್ ಹೋಸ್ಟ್’ ಅನ್ನುತ್ತದೆ. ಐಡಿಎನ್‌ಎ (ಇಂಥ ಹೆಸರುಗಳನ್ನು ಪ್ಯೂನಿಕೋಡ್ ಮಾಡುವ ನಿಯಮ) ಪ್ಯಾಕೇಜ್ ಬೇರೆ ಸೇರಿಸಬೇಕು. ಡಿಎನ್‌ಎಸ್‌ಪೈಥಾನ್ ಬದಲಾಯಿಸುತ್ತದೆ, ಆದರೆ ನಾನು ಬಳಸಿದ ಆವೃತ್ತಿ ಏನೂ ಹೇಳದಿದ್ದರೆ ಹಳೆಯ ಐಡಿಎನ್‌ಎ 2003 ನಿಯಮ ಹಿಡಿಯುತ್ತದೆ. ಆ ನಿಯಮ ಅಕ್ಷರಗಳು ಒತ್ತಕ್ಷರವಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಅಕ್ಷರವನ್ನು ತೆಗೆದುಹಾಕುತ್ತದೆ. ‘ಸಾಫ್ಟ್‌ವೇರ್’ ಎಂದು ಕೊಟ್ಟಿದ್ದು ‘ಸಾಫ್ಟ್ವೇರ್’ ಆಗಿ ಹೋಗುತ್ತದೆ. 2008ರ ನಿಯಮದಲ್ಲಿ ಇವು ಎರಡು ಬೇರೆ ಹೆಸರು. ಇಷ್ಟಾದರೂ ನನ್ನ ಟೂಲ್ ಈಗ ಓಡುತ್ತಿರುವುದು ಡಿಎನ್‌ಎಸ್‌ಪೈಥಾನ್ ಮೇಲೆಯೇ. ‘ಇಲ್ಲ’ವನ್ನು ಬಿಡಿಸಿ ಹೇಳುತ್ತದೆ, ಟಿಟಿಎಲ್ ಕೊಡುತ್ತದೆ, ಕತ್ತರಿಸಿದ ಉತ್ತರ ಬಂದರೆ ತಾನೇ ಟಿಸಿಪಿಗೆ ಹೋಗುತ್ತದೆ. ಐಡಿಎನ್‌ಎ ಪ್ಯಾಕೇಜ್ ಹಾಕಿಕೊಂಡು, ಹೆಸರು ಕಟ್ಟುವ ಸಾಲಿನಲ್ಲಿ 2008ರ ಕೋಡೆಕ್ ಎಂದು ಬರೆದು ಇಟ್ಟಿದ್ದೇನೆ.